ಪಾಯಿಂಟಿನ ಕಲ್ಲು

ಆ ಕಲ್ಲನ್ನು ನೆಲದ ಮೇಲೆ ಇಟ್ಟವಳು ನಾನು. ಹೀಗೆ ಬರೆದು ಎರಡು ಸಲ ಹೊಡೆದುಹಾಕಿದ್ದೇನೆ. ನನ್ನ ಸೋದರಮಾವನನ್ನು ಕೇಳಿದರೆ ತಾನೇ ಇಟ್ಟಿದ್ದು ಅನ್ನುತ್ತಾನೆ. ಅವನ ಹೆಂಡತಿ, ಅಂದರೆ ನನ್ನ ಅತ್ತೆ, ತಾನು ಅನ್ನುತ್ತಾಳೆ. ಬಿಸಿಲಿಗೆ ಕಾದಿದ್ದ ಕಲ್ಲಿನ ಬಿಸಿ ಮೂವರ ಅಂಗೈಗೂ ನೆನಪಿದೆ. ಇದರಲ್ಲಿ ಸುಳ್ಳು ಹೇಳಿ ಲಾಭ ಮಾಡಿಕೊಳ್ಳುವಂಥದ್ದು ಯಾರಿಗೂ ಏನೂ ಇಲ್ಲ. ಕಲ್ಲು ಮಾತ್ರ ಒಂದೇ. ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು, ಒಂದು ಬದಿ ಚಪ್ಪಟೆ. ಬೋರು ಕೊರೆಸುವ ಮುಂಚೆ ನೀರಿದೆ ಎಂದು ಗುರುತು ಮಾಡಿ ಅಂಥ ಕಲ್ಲು ಇಡುವ ಜಾಗಕ್ಕೆ ನಮ್ಮ ಕಡೆ ಪಾಯಿಂಟ್ ಅನ್ನುತ್ತಾರೆ.

ಈ ಮಾತು ನನಗೆ ಮೊದಲು ಸಿಕ್ಕಿದ್ದು ನೀರಿನ ಜೊತೆಗಲ್ಲ, ಅಪ್ಪನ ಮೊಪೆಡ್ ಜೊತೆಗೆ. ಚಿತ್ರದುರ್ಗದ ನಮ್ಮ ಬೀದಿಯ ಏರಿನಲ್ಲಿ ಅದು ನಿಂತುಬಿಟ್ಟರೆ ಮೆಕ್ಯಾನಿಕ್ ಬಂದು, ಮುಚ್ಚಳ ತೆಗೆದು, ಉಪ್ಪುಕಾಗದದ ಚೂರಿನಿಂದ ಒಳಗೇನೋ ಉಜ್ಜುತ್ತಿದ್ದ. ಪಾಯಿಂಟ್ ಹಿಡಿದಿತ್ತು ಅನ್ನುತ್ತಿದ್ದ. ಏನು ಏನನ್ನು ಹಿಡಿದಿತ್ತೋ ಅಪ್ಪನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಶಾಲೆಯಲ್ಲಿ ಸಮಾಜ ಮೇಷ್ಟ್ರು ಉತ್ತರವನ್ನು ಪಾಯಿಂಟ್ ಪಾಯಿಂಟಾಗಿ ಬರೆಯಿರಿ ಅನ್ನುತ್ತಿದ್ದರು. ಮುಂದಿನ ಪೀರಿಯಡ್ಡಿನಲ್ಲಿ ಲೆಕ್ಕದ ಮೇಡಂ ಬೋರ್ಡಿನ ಮೇಲೆ ಸೀಮೆಸುಣ್ಣದಿಂದ ಒಂದು ಚುಕ್ಕೆ ಕುಟ್ಟಿ, ಇದಕ್ಕೆ ಉದ್ದವೂ ಇಲ್ಲ, ಅಗಲವೂ ಇಲ್ಲ, ಇರುವುದು ಸ್ಥಾನವೊಂದೇ ಎಂದು ಹೇಳಿದ ದಿನ ನನಗೆ ಹೆದರಿಕೆಯಾಗಿತ್ತು. ಉದ್ದ ಅಗಲ ಎರಡೂ ಇಲ್ಲದ್ದು ಅಲ್ಲಿ ಹೇಗೆ ಇರುತ್ತದೆ? ಮನೆ ಕಟ್ಟಿಸುವಾಗ ವೈರಿಂಗಿನವನು ಗೋಡೆಯ ತುಂಬ ಪೆನ್ಸಿಲ್ಲಿನಿಂದ ಅಡ್ಡಗೆರೆ ಹಾಕಿ, ಇಲ್ಲೊಂದು ಪಾಯಿಂಟ್ ಕೊಡಲಾ, ಅಲ್ಲೊಂದು ಕೊಡಲಾ ಎಂದು ಅಮ್ಮನನ್ನು ಕೇಳುತ್ತಿದ್ದ. ಒಂದು ಕಡೆ ಪೈಪು ಹುಗಿದು, ಡಬ್ಬಿ ಕೂರಿಸುವುದನ್ನು ಮರೆತು, ಮೇಲೆ ಗಾರೆ ಬಳಿದುಬಿಟ್ಟ. ಆ ಗೋಡೆಯಲ್ಲಿ ಎಲ್ಲೋ ಒಂದು ಪಾಯಿಂಟ್ ಇದೆ. ಮಳೆಗಾಲದಲ್ಲಿ ಅಲ್ಲಿಗೆ ಕೈ ಒರಗಿಸಬೇಡ ಅನ್ನುತ್ತಾಳೆ ಅಮ್ಮ. ಎಲ್ಲಿ ಎಂದು ಕೇಳಿದರೆ ಇಡೀ ಗೋಡೆಯನ್ನು ತೋರಿಸುತ್ತಾಳೆ.

ಹಿರಿಯೂರು ದಾಟುವಾಗ ಹೆದ್ದಾರಿಯ ಅಂಚಿಗೆ ಟೀ ಪಾಯಿಂಟ್, ಬಿರಿಯಾನಿ ಪಾಯಿಂಟ್, ಪಂಕ್ಚರ್ ಪಾಯಿಂಟ್ ಎಂದು ಬೋರ್ಡುಗಳಿವೆ. ಬಸ್ಸಿನಲ್ಲಿ ಜಗಳ ಆಡುವವರು ಪಾಯಿಂಟಿಗೆ ಬಾ ಅನ್ನುತ್ತಾರೆ. ಯಾರೂ ಬರುವುದಿಲ್ಲ.

ಮಾವನ ಪಾಯಿಂಟ್ ಬೇರೆ. ಹಿರೇಗುಂಟನೂರಿನ ಆಚೆಯ ಒಂದು ಹಳ್ಳಿ ಅವನದು. ಸುಲಿದ ತೆಂಗಿನಕಾಯಿಯನ್ನು ಜುಟ್ಟು ಮುಂದಕ್ಕೆ ಬರುವಂತೆ ಅಂಗೈ ಮೇಲೆ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾನೆ. ನೀರಿದ್ದ ಕಡೆ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆ. ಓ ಪಾಸಿಟಿವ್ ರಕ್ತ ಇದ್ದವರ ಕೈಯಲ್ಲಿ ಮಾತ್ರ ನಿಲ್ಲುತ್ತದೆ ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಜ್ಞಾನ. ಅತ್ತೆಯದೂ ಅದೇ ರಕ್ತ. ಅದನ್ನು ಹೇಳಿ ಅವಳು ಅವನನ್ನು ಆಗಾಗ ಕಾಡುತ್ತಿದ್ದಳು. ನಿನಗೆ ಕಾಯಿ ಎದ್ದರೆ ಸಾರಿಗೆ ಹಾಕ್ತೀಯ ಅನ್ನುತ್ತಿದ್ದ ಅವನು. ಕಾಯಿ ಏಳುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ನಂಬುತ್ತೇನೋ ಇಲ್ಲವೋ ಹೇಳಲಾರೆ. ಅವನ ಬೆರಳು ಅಲ್ಲಾಡುವುದಿಲ್ಲ. ಮಣಿಕಟ್ಟು ಅಲ್ಲಾಡುವುದಿಲ್ಲ. ಮಲಗಿದ್ದವರು ಯಾರೋ ಕರೆದರೆಂದು ತಲೆ ಎತ್ತುವ ಹಾಗೆ ಕಾಯಿ ಏಳುತ್ತದೆ.

ಅವನ ಗುರು ಹೇಳಿಕೊಟ್ಟಿದ್ದ ಕಟ್ಟುಪಾಡು ಒಂದಿತ್ತು: ಊರಿಗೆಲ್ಲ ಪಾಯಿಂಟ್ ನೋಡಬಹುದು, ತನ್ನ ಹೊಲಕ್ಕೆ ತಾನು ನೋಡಬಾರದು. ನೋಡಿದರೆ ಕೈ ಹೋಗುತ್ತದೆ. ಹೋಗುವುದೆಂದರೆ ಕಡಿದುಹೋಗುವುದಲ್ಲ, ಮತ್ತೆಂದೂ ಕಾಯಿ ಏಳುವುದಿಲ್ಲ.

ಅತ್ತೆಗೆ ತವರಿನವರು ಅರಿಶಿನ ಕುಂಕುಮಕ್ಕೆಂದು ಕೊಟ್ಟ ಹೊಲವೊಂದು ಹಿರಿಯೂರಿನ ಕಡೆ, ಬಬ್ಬೂರು ದಾಟಿದ ಮೇಲೆ ಇದೆ. ಕಾಲುವೆಯ ನೀರು ಅಷ್ಟು ಮೇಲಕ್ಕೆ ಹತ್ತುವುದಿಲ್ಲ. ಹುರುಳಿ ಬಿಟ್ಟು ಏನನ್ನೂ ಬೆಳೆಯದ ಆ ಹೊಲದಲ್ಲಿ ಕನಕಾಂಬರ ಹಾಕಬೇಕು, ಬೆಳಗ್ಗೆ ಎದ್ದು ತನ್ನ ಹೂವನ್ನು ತಾನು ಬಿಡಿಸಬೇಕು ಅನ್ನುವುದು ಅವಳ ಆಸೆ. ಮದುವೆಯಾದಾಗಿನಿಂದ ಅದನ್ನೇ ಹೇಳುತ್ತ ಬಂದಿದ್ದಳು. ಗಂಡ ಊರೂರು ತಿರುಗಿ ಪಾಯಿಂಟ್ ಮಾಡಿ ಬರುತ್ತಿದ್ದ. ಕಂಡವರ ಹೊಲಗಳಲ್ಲಿ ಮೋಟಾರು ಕೂಗುತ್ತಿತ್ತು. ಬೇರೆಯವರನ್ನು ಕರೆಸು ಎಂದರೆ ಅದು ಅವನಿಗೆ ಅವಮಾನ. ತಾನು ನೋಡಿದರೆ ಕೈ ಹೋಗುತ್ತದೆ. ಹೀಗೆ ಕಾಯುತ್ತಲೇ ಅವಳ ಕೂದಲು ಬೆಳ್ಳಗಾಗಿತ್ತು.

ಕಡೆಗೆ ಅತ್ತೆಯೇ ದಾರಿ ಹುಡುಕಿದಳು. ಅವರ ಮನೆಯ ಪಡಸಾಲೆಯಲ್ಲಿ ನಾನು ಕುಳಿತಿದ್ದಾಗಲೇ ಆ ಮಾತು ಬಂತು.

"ಹೊಲ ಯಾರ ಹೆಸರಲ್ಲೈತೆ?" ಅಂದಳು.

"ನಿನ್ ಹೆಸ್ರಲ್ಲಿ."

"ಮತ್ತೆ ಅದು ನಿಮ್ದು ಹೆಂಗಾತು? ನೀವು ಪರರ ಹೊಲಕ್ಕೆ ಹೋದಂಗೆ ಬರ್ರಿ. ಕಾಫಿ ಕೊಡ್ತೀನಿ, ಎಲೆ ಅಡಿಕೆ ಕೊಡ್ತೀನಿ."

ಮಾವ ನನ್ನ ಮುಖ ನೋಡಿದ. ನಾನು ನಕ್ಕೆ. ಅವನು ನಗಲಿಲ್ಲ. ಎದ್ದು ಗೂಟದಿಂದ ಚೀಲ ತೆಗೆದು, ಹೋಗಾಣ ಎಂದ.

ಮೂವರೂ ಬಸ್ಸಿನಲ್ಲಿ ಹೋಗಿ, ಹಿರಿಯೂರಿನಿಂದ ಆಟೋ ಹಿಡಿದೆವು. ಹೊಲ ತಲುಪಿದಾಗ ಬಿಸಿಲು ಆಗಲೇ ಓರೆಯಾಗಿತ್ತು. ಹೊಲದ ಪಡುವಣಕ್ಕೆ ಗುಡ್ಡ, ಗುಡ್ಡದ ಬೆನ್ನ ಮೇಲೆ ಕರೆಂಟು ತೆಗೆಯುವ ಗಾಳಿಯ ಫ್ಯಾನುಗಳು. ಅವುಗಳಲ್ಲಿ ಒಂದು ಮಾತ್ರ ಗುಂಪು ಬಿಟ್ಟು ಇಳಿದುಬಂದ ಹಾಗೆ ಹೊಲದ ಬದುವಿಗೆ ಹತ್ತಿರ ನಿಂತಿದೆ. ಮಧ್ಯಾಹ್ನ ಕಳೆದ ಮೇಲೆ ಅದರ ರೆಕ್ಕೆಯ ನೆರಳು ಹೊಲದ ಮೇಲೆ ಬೀಳುತ್ತದೆ. ಸದ್ದಿಲ್ಲದೆ ಒಂದು ಕಪ್ಪು ಪಟ್ಟೆ ನೆಲವನ್ನು ಒರೆಸಿಕೊಂಡು ಹೋಗುತ್ತದೆ, ಅದರ ಹಿಂದೆ ಇನ್ನೊಂದು, ಆಮೇಲೆ ಇನ್ನೊಂದು. ಮೈ ಮೇಲೆ ಹಾಯ್ದಾಗ ಪ್ರತಿ ಸಲವೂ ತಲೆ ತಗ್ಗಿಸಬೇಕು ಅನ್ನಿಸುತ್ತದೆ. ಮಾವ ಕಾಯಿ ಹಿಡಿದು ಆ ನೆರಳುಗಳ ನಡುವೆ ನಡೆದ. ಬಿಸಿಲಲ್ಲಿ ಮಲಗಿದ್ದ ಕಾಯಿಯನ್ನು ನೋಡಿದ್ದೆ. ನೆರಳು ಹಾಯಿತು. ನೆರಳು ದಾಟಿ ಹೋದಾಗ ಕಾಯಿ ನಿಂತಿತ್ತು.

ಏಳುವುದನ್ನು ಮಾತ್ರ ನಾನು ನೋಡಲಿಲ್ಲ. ನೋಡಿದೆ ಎಂದು ಬಹಳ ದಿನ ಹೇಳಿಕೊಂಡು ತಿರುಗಿದ್ದೆ.

ಅಲ್ಲಿಗೆ ಕಲ್ಲು ಬಂತು. ಯಾರು ಇಟ್ಟರೋ, ಅದು ಹಾಗಿರಲಿ. ಅತ್ತೆ ಅದಕ್ಕೆ ಕೈತುಂಬ ಅರಿಶಿನ ಮೆತ್ತಿ, ದೊಡ್ಡದಾಗಿ ಕುಂಕುಮ ಇಟ್ಟಳು. ಪಾಯಿಂಟಿನ ಕಲ್ಲಿಗೆ ಒಂದು ಬೊಟ್ಟು ಇಡುವುದು ಎಲ್ಲರ ರೂಢಿ. ಇವಳು ಹೆಣ್ಣುಮಕ್ಕಳಿಗೆ ಇಡುವ ಹಾಗೆ ಕೆನ್ನೆಗಿಷ್ಟು, ಹಣೆಗಿಷ್ಟು ಇಟ್ಟಳು. ಕಾಯಿಯನ್ನು ಒಡೆಯಲಿಲ್ಲ. ಬೋರಿನ ಗಾಡಿ ಬಂದ ದಿನ ಅದೇ ಜಾಗದಲ್ಲಿ ಒಡೆಯಬೇಕು. ನಾನು ಮೊಬೈಲಿನಲ್ಲಿ ಒಂದು ಫೋಟೋ ತೆಗೆದೆ, ಲೊಕೇಶನ್ ಉಳಿಸಿಕೊಂಡೆ. ನಕ್ಷೆಯ ಮೇಲೆ ಒಂದು ನೀಲಿ ಚುಕ್ಕೆ ಉಸಿರಾಡುವ ಹಾಗೆ ದೊಡ್ಡದಾಗಿ ಸಣ್ಣದಾಯಿತು. ಅದನ್ನು ಕಂಡು ಅತ್ತೆ, ಇದೂ ಪಾಯಿಂಟೇ ಏನವ್ವ ಎಂದು ಕೇಳಿದಳು. ಹೌದು ಎಂದೆ.

ಗಾಡಿ ಕೂಡಲೇ ಬರುವಂತಿರಲಿಲ್ಲ. ಹೊಲಕ್ಕೆ ದಾರಿ ಇರುವುದು ಪಕ್ಕದವರ ಶೇಂಗಾದ ಮಧ್ಯೆ. ಅಷ್ಟು ಭಾರದ ಲಾರಿ ಬೆಳೆಯ ಮೇಲೆ ಹೋಗಲಾಗದು. ಶೇಂಗಾ ಕೀಳುವ ತನಕ ಕಾಯಬೇಕು. ಕಾದೆವು. ಆ ದಿನಗಳಲ್ಲಿ ಮಾವ ಯಾರ ಹೊಲಕ್ಕೂ ಹೋಗಲಿಲ್ಲವಂತೆ. ಕರೆಯಲು ಬಂದವರಿಗೆ ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿದನಂತೆ. ಕೈ ಇದೆಯೋ ಹೋಗಿದೆಯೋ ನೋಡಿಕೊಳ್ಳಲು ಅವನಿಗೆ ಧೈರ್ಯವಿರಲಿಲ್ಲ ಎಂದು ನನಗೆ ಆಮೇಲೆ ಹೊಳೆಯಿತು.

ಶೇಂಗಾ ಕಿತ್ತ ಮೇಲೆ, ಗಾಡಿ ಬರುವ ದಿನ, ನಾವು ಮುಂಚೆಯೇ ಹೋದೆವು. ಪಕ್ಕದವರ ಹೊಲ ಬಯಲಾಗಿತ್ತು. ನಮ್ಮ ಕಲ್ಲು ಅದರ ಜಾಗದಲ್ಲಿರಲಿಲ್ಲ. ಬದುವಿನ ಹತ್ತಿರ ಒಂದು ಜಾಲಿಗಿಡದ ಬುಡದಲ್ಲಿತ್ತು. ಅದರ ಮೇಲೆ ಹಸಿರು ಬಳೆ, ಬಾಡಿದ ಸೇವಂತಿಗೆ, ಮುಂದೆ ಒಂದು ಹಣತೆ, ಮಣ್ಣು ಮೆತ್ತಿಕೊಂಡ ಒಂದು ಹಿಡಿ ಹಸಿ ಶೇಂಗಾ. ಯಾರೋ ಅದರ ಸುತ್ತ ಸಗಣಿಯಿಂದ ಸಾರಿಸಿ ರಂಗೋಲಿ ಎಳೆದಿದ್ದರು. ಕಲ್ಲಿಗೆ ಎರಡು ಬೆಳ್ಳಿಯ ಕಣ್ಣು ಬಂದಿದ್ದವು.

ಪಕ್ಕದ ಹೊಲದಲ್ಲಿ ಕಿತ್ತು ಉಳಿದ ಹಕ್ಕಲು ಶೇಂಗಾ ಆಯುತ್ತಿದ್ದ ಹೆಂಗಸರು ನಮ್ಮನ್ನು ಕಂಡು ಎದ್ದು ಬಂದರು. ಬೆಳೆ ಕೀಳುವ ಕೂಲಿಗೆ ಬಂದವರೂ ಅವರೇ. ಮಧ್ಯಾಹ್ನ ಬುತ್ತಿ ಬಿಚ್ಚಲು ಈ ಕಡೆ ಬಂದಾಗ ಅರಿಶಿನ ಕುಂಕುಮ ಹಚ್ಚಿಕೊಂಡು ಬಯಲಲ್ಲಿ ಒಬ್ಬಳೇ ಕುಳಿತಿದ್ದಳಂತೆ ತಾಯಿ. ಕಂಡೂ ಕಾಣದ ಹಾಗೆ ಉಣ್ಣುವುದು ಹೇಗೆ? ಮೊದಲ ತುತ್ತು ಇಟ್ಟರು. ಒಬ್ಬಳ ಮಗುವಿಗೆ ಬಿಡದಿದ್ದ ಜ್ವರ ಬಿಟ್ಟಿತು, ಅವಳು ಕಣ್ಣು ತಂದಿಟ್ಟಳು. ಇದು ದೇವರಲ್ಲ, ಬೋರಿನ ಪಾಯಿಂಟ್ ಎಂದು ಮಾವ ಹೇಳಿದ. ಅವರಲ್ಲಿ ಹಿರಿಯಳು ಅವನನ್ನು ಮರುಕದಿಂದ ನೋಡಿದಳು. ನೀರಿರೋ ಕಡೆ ತಾನೇ ತಾಯಿ ಕುಂದ್ರೋದು ಅಂದಳು.

"ಇಲ್ಲಿಗೆ ಯಾರು ತಂದಿಟ್ರವ್ವ?" ಎಂದು ಅತ್ತೆ ಕೇಳಿದಳು.

"ಬಿಸ್ಲಲ್ಲಿ ಕುಂತಿದ್ಲು ಅಕ್ಕಾರೆ. ಪಾಪ ಅನ್ನಿಸ್ತು. ನೆಳ್ಳಿಗೆ ಕುಂದ್ರಿಸಿದ್ವಿ."

"ಮೊದ್ಲು ಎಲ್ಲಿದ್ಲು?"

ಹಿರಿಯಳು ಹೊಲವನ್ನು ನೋಡಿದಳು. ಒಂದು ಕಡೆ ಕೈ ತೋರಿಸಿದಳು. ಇನ್ನೊಬ್ಬಳು ಬೇರೆ ಕಡೆ ತೋರಿಸಿದಳು. ಕಣ್ಣು ತಂದಿಟ್ಟವಳು ಮೆಲ್ಲಗೆ, ನಾವು ಕುಂದ್ರಿಸಿದ್ದು ಜಾಲಿಯ ಆ ಮಗ್ಗುಲಿಗೆ, ಈ ಮಗ್ಗುಲಿಗೆ ಬಂದಿದ್ದು ನಮಗೂ ಗೊತ್ತಿಲ್ಲ ಎಂದಳು. ಗಾಳಿ ಇತ್ತು. ಫ್ಯಾನು ತಿರುಗುತ್ತಿತ್ತು.

ನಾನು ಮೊಬೈಲು ತೆಗೆದೆ. ಇದಕ್ಕೇ ಅಲ್ಲವೇ ಅದನ್ನು ಇಟ್ಟುಕೊಂಡಿರುವುದು ಎಂಬ ಸಣ್ಣ ಜಂಬ ಇತ್ತು. ನೀಲಿ ಚುಕ್ಕೆ ಬಂತು, ಅದರ ಸುತ್ತ ತೆಳು ನೀಲಿಯ ಒಂದು ಚಕ್ರ. ಚಕ್ರದೊಳಗೆ ಉಳಿಸಿಕೊಂಡ ಗುರುತು, ಇಡೀ ಹೊಲ, ಪಕ್ಕದವರ ಅರ್ಧ ಹೊಲ. ನಾನು ನಿಂತೇ ಇದ್ದೆ, ಚುಕ್ಕೆ ತಾನೇ ನಡೆದು ಬದುವಿನ ಆಚೆಗೆ ಹೋಗಿ, ವಾಪಸು ಬಂತು. ಫೋಟೋ ತೆರೆದೆ. ಕಲ್ಲಿದೆ, ಕೆಂಪು ನೆಲವಿದೆ, ಹಿಂದೆ ಗುಡ್ಡ. ಗುಡ್ಡದ ಮೇಲೆ ಒಂದೂ ಫ್ಯಾನಿಲ್ಲ. ಬಿಸಿಲಿನ ಝಳಕ್ಕೆ ಕಂಡಿಲ್ಲ ಎಂದುಕೊಂಡೆ. ಹಾಗೇ ಇರಬೇಕು. ಹತ್ತಿರದ ಆ ಒಂದು ಫ್ಯಾನು ಯಾಕೆ ಕಾಣುವುದಿಲ್ಲ ಎಂದು ಮಾತ್ರ ಇವತ್ತಿಗೂ ತಿಳಿದಿಲ್ಲ. ಫೋಟೋದ ಕೆಳಗಿನ ಮೂಲೆಯಲ್ಲಿ ಕಲ್ಲಿನ ಮೇಲಿಂದ ಆಗಷ್ಟೇ ತೆಗೆದ ಒಂದು ಕೈ ಇದೆ. ಬಳೆ ಇದೆಯೋ ಇಲ್ಲವೋ ಕಾಣದ ಹಾಗೆ ಅದು ಕತ್ತರಿಸಿಹೋಗಿದೆ. ಯಾರ ಕೈ ಎಂದು ಮೂವರೂ ನೋಡಿದೆವು. ಮೂವರೂ ನಂದು ಅಂದೆವು.

ಆಗ ಮಾವ ಒಂದು ಉಪಾಯ ಹೇಳಿದ. ಮಾತು ಬೇಡ, ಯಾರಿಗೆ ಎಲ್ಲಿ ಎಂದು ನೆನಪಿದೆಯೋ ಅಲ್ಲಿ ಹೋಗಿ ನಿಂತುಕೊಳ್ಳಿ. ಇಬ್ಬರು ಒಂದೇ ಕಡೆ ನಿಂತರೆ ಅದೇ ಪಾಯಿಂಟ್. ನಡೆದೆವು. ನನ್ನ ಕಾಲಿಗೆ ಜಾಗ ಚೆನ್ನಾಗಿ ಗೊತ್ತಿತ್ತು. ಒಂದು ಕ್ಷಣವೂ ಅನುಮಾನ ಬರಲಿಲ್ಲ. ನಿಂತು ತಿರುಗಿ ನೋಡಿದರೆ ಅತ್ತೆ ಕೂಗಿದರೆ ಕೇಳುವಷ್ಟು ದೂರದಲ್ಲಿ, ಮಾವ ಇನ್ನೊಂದು ತುದಿಯಲ್ಲಿ. ಬಯಲಿನಲ್ಲಿ ಮೂರು ಬೆದರುಬೊಂಬೆಗಳ ಹಾಗೆ ನಿಂತಿದ್ದೆವು. ರೆಕ್ಕೆಯ ನೆರಳು ಮೊದಲು ಮಾವನ ಮೇಲೆ ಹಾಯಿತು, ಆಮೇಲೆ ಅತ್ತೆಯ ಮೇಲೆ, ಆಮೇಲೆ ನನ್ನ ಮೇಲೆ. ಮತ್ತೆ ಮಾವನ ಮೇಲೆ. ಹೆಂಗಸರು ಕೈ ಮುಗಿದುಕೊಂಡು ನಮ್ಮನ್ನು ನೋಡುತ್ತಿದ್ದರು. ಯಾರಿಗೆ ಕೈ ಮುಗಿದರೋ.

ಅಷ್ಟು ಹೊತ್ತಿಗೆ ಗಾಡಿ ಬಂತು. ತಮಿಳುನಾಡಿನ ಹುಡುಗರು, ಮೈಯೆಲ್ಲ ಹಿಂದೆ ಕೊರೆದ ಊರುಗಳ ಬಿಳಿ ಧೂಳು. ಪಾಯಿಂಟ್ ಎಲ್ಲಿಮ್ಮಾ ಎಂದು ಅವರ ಮೇಸ್ತ್ರಿ ಕೇಳಿದ. ಎಲ್ಲರೂ ಮಾವನ ಕಡೆ ತಿರುಗಿದೆವು.

ಮಾವ ಚೀಲದಿಂದ ಅದೇ ಕಾಯಿಯನ್ನು ತೆಗೆದ. ಅಂಗೈ ಮೇಲೆ ಮಲಗಿಸಿಕೊಂಡ. ಹೊಲದ ಈ ತುದಿಯಿಂದ ಆ ತುದಿಗೆ, ಮತ್ತೆ ಅಡ್ಡಕ್ಕೆ ನಡೆದ. ಅತ್ತೆ ನಿಂತ ಕಡೆ ನಿಂತ, ನಾನು ನಿಂತ ಕಡೆ ನಿಂತ. ಮೂವರ ಜಾಗದಲ್ಲೂ ಕಾಯಿ ಮಲಗಿಯೇ ಇತ್ತು. ಅಂಗೈಯನ್ನು ಓರೆ ಮಾಡಿದ, ಕಾಯಿ ಉರುಳಬೇಕಿತ್ತು, ಅದೂ ಇಲ್ಲ. ಅಂಟಿಸಿದ ಹಾಗೆ ಮಲಗಿತ್ತು. ಕಡೆಗೆ ಅತ್ತೆಯ ಎದುರು ಬಂದು ನಿಂತ.

"ಹೋತು," ಎಂದ.

ಅತ್ತೆ ಅವನ ಕೈಯಿಂದ ಕಾಯಿ ತೆಗೆದುಕೊಂಡಳು. ಗಾಡಿಯನ್ನು ವಾಪಸು ಕಳಿಸಿಬಿಡುತ್ತಾಳೆ ಎಂದುಕೊಂಡೆ. ಅವಳ ಮುಖದಲ್ಲಿ ಇದ್ದದ್ದು ದುಃಖವಲ್ಲ. ಇಷ್ಟು ವರ್ಷ ಯಾವುದನ್ನು ಕಾಪಾಡಲೆಂದು ತನ್ನ ಹೊಲ ಒಣಗಿತ್ತೋ ಅದು ಹೋಗಿದೆ; ಇನ್ನು ಕಾಪಾಡಲು ಏನೂ ಇಲ್ಲ. ಅವಳು ನೇರ ಜಾಲಿಗಿಡದ ಕಡೆ ನಡೆದು, ಕಲ್ಲಿನ ಮುಂದೆ ನಿಂತು, ಮೇಸ್ತ್ರಿಯನ್ನು ಕರೆದಳು.

"ಇಲ್ಲಿ ಹಾಕ್ರಿ."

ಮೇಸ್ತ್ರಿ ಕಲ್ಲಿನ ಕಣ್ಣು ನೋಡಿದ. ಸಾಮಿ ಇರುವ ಜಾಗಕ್ಕೆ ನಾವು ಕೈ ಹಚ್ಚೋದಿಲ್ಲಮ್ಮಾ ಎಂದ. ಹೆಂಗಸರೂ ಬೇಡವೆಂದು ಮುಂದೆ ಬಂದರು. ಮಾವ, ಅದು ಪಾಯಿಂಟಲ್ಲ, ಅಲ್ಲಿ ಕಾಯಿ ಎದ್ದಿಲ್ಲ, ಬರೀ ಧೂಳು ಬರ್ತೈತೆ ಅಂದ.

"ಕಾಯಿ ಎಲ್ಲೂ ಎದ್ದಿಲ್ಲ," ಎಂದಳು ಅತ್ತೆ. "ಹೊಲ ನಂದು. ನಾನ್ ಹೇಳಿದ್ದೇ ಪಾಯಿಂಟು."

ಕಾಯಿಯನ್ನು ನನ್ನ ಕೈಗೆ ಕೊಟ್ಟು, ಬಗ್ಗಿ ಕಲ್ಲನ್ನು ಎತ್ತಿದಳು. ಬಳೆ ಜಾರಿ ಬಿದ್ದವು. ಮಗುವನ್ನು ಎತ್ತಿಕೊಂಡ ಹಾಗೆ ಸೊಂಟಕ್ಕೆ ಇಟ್ಟುಕೊಂಡು ಪಕ್ಕಕ್ಕೆ ಸರಿದಳು. ಕಲ್ಲು ಇದ್ದ ಜಾಗದಲ್ಲಿ ಮಣ್ಣು ಬೇರೆ ಬಣ್ಣದ್ದಾಗಿತ್ತು. ಪೂಜೆಯ ನೀರು ಇಂಗಿದ್ದಿರಬೇಕು ಎಂದು ನಾನು ಜೋರಾಗಿಯೇ ಅಂದೆ. ಯಾರೂ ನನ್ನನ್ನು ಕೇಳಿರಲಿಲ್ಲ.

ಕೊರೆಯುವ ಸದ್ದಿನ ಬಗ್ಗೆ ಬರೆಯುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಧೂಳು ಕೆಂಪಾಗಿ ಬಂತು, ಆಮೇಲೆ ಬೂದಿ ಬಣ್ಣಕ್ಕೆ, ಆಮೇಲೆ ಹಿಟ್ಟಿನ ಹಾಗೆ ಬೆಳ್ಳಗೆ. ಬಿಳಿ ಧೂಳು ಬಹಳ ಹೊತ್ತು ಬಂತು. ಅತ್ತೆ ಕಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಬದುವಿನ ಮೇಲೆ ಕುಳಿತೇ ಇದ್ದಳು. ತಲೆ, ಹುಬ್ಬು, ಸೀರೆ ಎಲ್ಲ ಬೆಳ್ಳಗಾಗಿ ಕಲ್ಲು ಯಾವುದು, ಅವಳು ಯಾವುದು ಎಂದು ದೂರದಿಂದ ಹೇಳಲಾಗುತ್ತಿರಲಿಲ್ಲ. ಕಣ್ಣು ಮಾತ್ರ ಕಾಣುತ್ತಿದ್ದವು, ಅವಳದೂ ಕಲ್ಲಿನದೂ. ಮೇಸ್ತ್ರಿ ಕೈ ಆಡಿಸಿ ಸಾಕೇ ಎಂದು ಕೇಳಿದ. ಅವಳು ಸಾಲದೆಂದು ತಲೆ ಅಲ್ಲಾಡಿಸಿದಳು. ಮತ್ತೊಂದು ಪೈಪು ಇಳಿಯಿತು. ಅದು ಅರ್ಧಕ್ಕೆ ಹೋಗಿತ್ತೋ ಇಲ್ಲವೋ, ಧೂಳು ಒಮ್ಮೆಗೇ ನಿಂತಿತು. ಹೊಲವೇ ಉಸಿರು ಹಿಡಿದಂತೆ ಆಯಿತು. ಆಮೇಲೆ ಕೆಸರು, ಕೆಸರಿನ ಹಿಂದೆ ನೀರು.

ಹೆಂಗಸರು ಹೋ ಎಂದರು. ಅತ್ತೆ ಬೊಗಸೆಯಲ್ಲಿ ಹಿಡಿದು ಕುಡಿದು, ಸಿಹಿ ಐತೆ ಎಂದಳು. ಮಾವ ನೀರಿನ ಹತ್ತಿರ ಬರಲಿಲ್ಲ. ತನ್ನ ಅಂಗೈಯನ್ನು ನೋಡಿಕೊಳ್ಳುತ್ತ ನಿಂತಿದ್ದವನ ಬಳಿ ನಾನು ಹೋದೆ.

"ನನ್ ಕಾಯಿ ಎದ್ದಿದ್ದು ಇಲ್ಲಲ್ಲ ಕಣವ್ವ," ಎಂದ. "ನಂಗೆ ಚೆನ್ನಾಗ್ ಗೊತ್ತೈತೆ, ಇಲ್ಲಲ್ಲ. ನೀರಿಗಲ್ದಿದ್ರೆ ಆವತ್ತು ಅಲ್ಲಿ ಯಾತಕ್ಕೆ ಎದ್ದಿತ್ತು ಅದು?"

ಕೈ ಹೋಗಿದ್ದು ಹೆಂಡತಿಯ ಹೊಲಕ್ಕೆ ಪಾಯಿಂಟ್ ನೋಡಿದ್ದಕ್ಕೋ, ಹೋಗುತ್ತದೆ ಎಂದು ಅಷ್ಟು ದಿನ ಹೆದರಿದ್ದಕ್ಕೋ? ಮಾವ ಆಮೇಲೆ ಯಾರ ಹೊಲಕ್ಕೂ ಹೋಗಲಿಲ್ಲ. ಹೊಳಲ್ಕೆರೆ ಕಡೆಯಿಂದ ಕಾರು ಮಾಡಿಕೊಂಡು ಬಂದವರನ್ನೂ ವಾಪಸು ಕಳಿಸಿದ.

ಹೋದ ತಿಂಗಳು ಅತ್ತೆಯ ಹೊಲಕ್ಕೆ ಹೋಗಿದ್ದೆ. ಕಲ್ಲು ಬದುವಿನ ಮೇಲೆ ಒಂದು ಗೂಡಿನೊಳಗೆ ಇದೆ, ಅದು ಈಗ ಆ ಹೆಂಗಸರ ಪಾಲು. ಹೊಲದ ತುಂಬ ಕನಕಾಂಬರ. ಅತ್ತೆ ಮಡಿಲು ಕಟ್ಟಿಕೊಂಡು ಹೂ ಬಿಡಿಸುತ್ತಿದ್ದಳು. ನಾನೂ ಕೈ ಹಾಕಲು ಸಾಲಿನೊಳಗೆ ಇಳಿದೆ. ಮುಂದೆ ಹೋದ ಹಾಗೆ ಗಿಡಗಳ ನಡುವೆ ಬಾಣಲಿಯಗಲದ ಒಂದು ಬರಿ ನೆಲ ಸಿಕ್ಕಿತು. ಸ್ವಲ್ಪ ದೂರಕ್ಕೆ ಇನ್ನೊಂದು. ಸಸಿ ಸತ್ತಿವೆಯಾ ಎಂದು ಕೇಳಿದೆ. ಅಲ್ಲಿ ನೆಟ್ಟೇ ಇಲ್ಲವಂತೆ.

"ಅವತ್ತು ನಾವು ನಿಂತಿದ್ವಲ್ಲ, ಆ ಜಾಗ," ಎಂದಳು ಹೂ ಬಿಡಿಸುತ್ತಲೇ. "ಸಸಿ ಹಿಡ್ಕಂಡು ಹೋದೆ. ಯಾರೋ ನಿಂತಿದ್ದಂಗೆ ಆತು. ಬಿಟ್ಟು ಬಂದೆ."

ಮೂರನೆಯದನ್ನು ನಾನು ಹುಡುಕಬೇಕಾಗಲಿಲ್ಲ. ಹೊಲದ ಆ ತುದಿಯಲ್ಲಿ, ಮೊಣಕಾಲಿನವರೆಗೆ ಬರುವ ಹೂವಿನ ನಡುವೆ, ಮಾವ ನಿಂತಿದ್ದ. ಬಲಗೈ ಮುಂದಕ್ಕೆ ಚಾಚಿದ್ದ, ಅಂಗೈ ಬರಿದಾಗಿತ್ತು. ಬಿಸಿಲು ಓರೆಯಾಗುವ ಹೊತ್ತಿಗೆ ದಿನಾ ಹೀಗೆ ಬಂದು ನಿಲ್ಲುತ್ತಾನಂತೆ. ಫ್ಯಾನಿನ ನೆರಳು ಅವನ ಮೇಲೆ ಹಾಯುವಾಗ ಅವನು ಕಾಣದಾಗುತ್ತಿದ್ದ, ಮತ್ತೆ ಕಾಣುತ್ತಿದ್ದ. ಕರೆಯಲೇ ಎಂದು ಅತ್ತೆಯನ್ನು ಕೇಳಿದೆ.

"ಬ್ಯಾಡ," ಎಂದಳು. "ಅದೊಂದಿಷ್ಟು ಜಾಗ ನಿಮ್ಮ ಮಾವಂಗೆ ಬಿಟ್ಟೀನಿ."

ಅವಳ ಮಡಿಲು ತುಂಬಿತ್ತು. ಹೋಗಿ ಮೋಟಾರು ಆಫ್ ಮಾಡಿ ಬಾ ಎಂದು ನನ್ನನ್ನು ಕಳಿಸಿದಳು.